ಚೀಟಿಯಲ್ಲಿ ಬರೆದಷ್ಟೂ ತಿನ್ನಬೇಕೆ?

ತೂಕ ಇಳಿಸಲು ವೈದ್ಯರು ಹೇಳಿದ ಮೇಲೆ ನಿಮ್ಮ ಕೈಗೆ ಒಂದು ಆಹಾರ ಚೀಟಿ ಬರುತ್ತದೆ. ದಿನಕ್ಕೆ 1,200 ಅಥವಾ 1,500 ಕ್ಯಾಲೊರಿ ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನು ನೋಡಿದ ಕೂಡಲೇ ಬಹಳ ಮಂದಿ ಕೇಳುತ್ತಾರೆ: "ಸಿಸ್ಟರ್, ಇಷ್ಟೂ ತಿನ್ನಲೇಬೇಕಾ? ಇನ್ನೂ ಕಡಿಮೆ ತಿಂದರೆ ಬೇಗ ಇಳಿಯೂದಿಲ್ವಾ?"

ತಿನ್ನಬೇಕು. ಏಕೆಂದರೆ ಕಡಿತ ಮಾಡಿದ ಮೇಲೆ ಉಳಿದ ಲೆಕ್ಕವೇ ಆ ಚೀಟಿಯಲ್ಲಿರುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ, ಹೆಚ್ಚು ಓಡಾಟವಿಲ್ಲದ 55 ಕಿಲೊ ತೂಕದ ಹೆಂಗಸಿಗೆ ದಿನಕ್ಕೆ 1,660 ಕ್ಯಾಲೊರಿ ಬೇಕು. ಮಧ್ಯಮ ದುಡಿಮೆಯವರಿಗೆ 2,130. ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ತರಕಾರಿ ತರುವವರಿಗೂ, ಕಾರವಾರದಲ್ಲಿ ಮನೆ ಮನೆಗೆ ಮೀನು ಮಾರುವವರಿಗೂ, ಕಚೇರಿಯಲ್ಲಿ ಕುಳಿತಿರುವವರಿಗೂ ಒಂದೇ ಲೆಕ್ಕ ಸಲ್ಲದು. ಆದ್ದರಿಂದ ಪಕ್ಕದ ಮಂಚದವರ ಚೀಟಿ ನೋಡಿ ನಿಮ್ಮ ಊಟ ನಿರ್ಧರಿಸಬೇಡಿ.

ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾದರೆ ವಾರಕ್ಕೆ ಹೆಚ್ಚು ಕಡಿಮೆ ಅರ್ಧ ಕಿಲೊ ಇಳಿಯುತ್ತದೆ. ಅಷ್ಟು ಸಾಕು. ಅದಕ್ಕಿಂತ ಬಹಳ ಬೇಗ ಇಳಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಸುಸ್ತು ಬರುತ್ತದೆ, ಕೂದಲು ಉದುರುತ್ತದೆ, ಪಿತ್ತಕೋಶದಲ್ಲಿ ಕಲ್ಲು ಆಗುವ ಸಂಭವವೂ ಹೆಚ್ಚುತ್ತದೆ. ವೈದ್ಯರ ನಿಗಾ ಇಲ್ಲದೆ ದಿನಕ್ಕೆ 1,000 ಕ್ಯಾಲೊರಿಗಿಂತ ಕೆಳಗೆ ಇಳಿಯಲೇಬಾರದು.

"ಮಧ್ಯಾಹ್ನದ ಊಟ ಬಿಟ್ಟೆ, ಆದರೂ ತೂಕ ಇಳಿಯಲಿಲ್ಲ" ಎನ್ನುವವರಿದ್ದಾರೆ. ಅವರು ದಿನವಿಡೀ ಬಾಯಿಗೆ ಹಾಕಿದ್ದನ್ನೆಲ್ಲ ಒಮ್ಮೆ ಬರೆದು ನೋಡಲಿ. ಎರಡು ಚಮಚ ಸಕ್ಕರೆ ಹಾಕಿದ ಚಹಾ ದಿನಕ್ಕೆ ಐದು ಸಲ ಕುಡಿದರೆ ಸಕ್ಕರೆಯಿಂದಲೇ 200 ಕ್ಯಾಲೊರಿ. ಒಂದು ಚಮಚ ಎಣ್ಣೆಗೆ 45. ನಮ್ಮ ಕರಾವಳಿಯ ಅಡುಗೆಯಲ್ಲಿ ಕಾಯಿ ತುರಿಗೆ ಲೆಕ್ಕವೇ ಇಲ್ಲ. 25 ಗ್ರಾಂ ಹಸಿ ಕಾಯಿಯಲ್ಲಿ ಸುಮಾರು 100 ಕ್ಯಾಲೊರಿ ಇದೆ. ಹಸಿದ ಹೊಟ್ಟೆ ಸಂಜೆ ಬಜೆ ಅಂಗಡಿಯ ಮುಂದೆ ಸುಮ್ಮನಿರುವುದಿಲ್ಲ. ಹೊತ್ತಿಗೆ ಸರಿಯಾಗಿ ಅಳತೆಯ ಕುಚಲಕ್ಕಿ ಅನ್ನ, ಹೆಸರುಕಾಳು, ಹರಿವೆ ಅಥವಾ ಬಸಳೆ ಪಲ್ಯ, ಮಜ್ಜಿಗೆ ತಿಂದವರಿಗೆ ಆ ಹಸಿವು ಕಡಿಮೆ. ಮನೆಯಲ್ಲಿ ಮೀನು ತಿನ್ನುವವರು ಬಂಗಡೆ, ತಾರ್ಲೆಗಳನ್ನು ಹುರಿಯದೆ ಸಾರು ಮಾಡಿಕೊಳ್ಳಲಿ. ಮೂತ್ರಪಿಂಡದ ಕಾಯಿಲೆ ಇದ್ದವರು ಕಾಳು, ಬೇಳೆ, ಮೀನಿನ ಪ್ರಮಾಣವನ್ನು ವೈದ್ಯರಲ್ಲಿಯೇ ಕೇಳಿಕೊಳ್ಳಬೇಕು.

ಸಕ್ಕರೆ ಕಾಯಿಲೆಯವರು ಈ ಭಾಗವನ್ನು ಗಮನವಿಟ್ಟು ಓದಿ. ಇನ್ಸುಲಿನ್ ಚುಚ್ಚಿಕೊಂಡು, ಅಥವಾ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ತಣ್ಣನೆ ಬೆವರು, ಕೈ ನಡುಕ, ಕಣ್ಣು ಮಂಜು, ತೊದಲು ಮಾತು ಕಂಡರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆತನ್ನಿ. ಸೋಮವಾರ, ಶಿವರಾತ್ರಿಯ ಉಪವಾಸ ಮಾಡುವವರು ಮೊದಲೇ ತಿಳಿಸಿದರೆ ಔಷಧಿಯ ಪ್ರಮಾಣ ಬದಲಿಸಬೇಕೆ ಎಂದು ವೈದ್ಯರು ಹೇಳುತ್ತಾರೆ.

ಹಾಗೆಂದು ಹೊಟ್ಟೆ ತುಂಬಿದ ಮೇಲೂ ಲೆಕ್ಕ ಮುಗಿಸಲು ಒತ್ತಾಯದಿಂದ ತಿನ್ನಬೇಕಿಲ್ಲ. ಒಂದು ದಿನ 100 ಕ್ಯಾಲೊರಿ ಕಡಿಮೆಯಾದರೆ ತೊಂದರೆಯಿಲ್ಲ. ಆದರೆ ವಾರವಿಡೀ ಉಳಿಸಿ ಭಾನುವಾರ ಒಟ್ಟಿಗೆ ಉಣ್ಣುವ ಲೆಕ್ಕಾಚಾರ ಬೇಡ. ಪ್ರಸಾದವನ್ನು ತಟ್ಟೆಯಲ್ಲಿ ಬಿಡಬಾರದೆಂಬ ಸಂಕೋಚ ನಮ್ಮಲ್ಲಿ ಅನೇಕರಿಗಿದೆ. ಅಂಥವರು ಬಡಿಸುವಾಗಲೇ ಒಂದು ಸೌಟು ಸಾಕು ಎನ್ನಿ. ಜೊತೆಗೆ ಬಂದವರು ಪ್ರೀತಿಯಿಂದ ಮತ್ತೆ ಮತ್ತೆ ಬಡಿಸಬೇಡಿ.

ಗರ್ಭಿಣಿಯರು, ಕ್ಷಯದ ಔಷಧಿ ತೆಗೆದುಕೊಳ್ಳುತ್ತಿರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ತಾವಾಗಿಯೇ ಊಟ ಕಡಿಮೆ ಮಾಡಬಾರದು. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಖುಷಿಪಡದೆ ತೋರಿಸಿಕೊಳ್ಳಿ. ಮುಂದಿನ ಸಲ ಬರುವಾಗ ಆಹಾರ ಚೀಟಿಯ ಜೊತೆಗೆ ಮೂರು ದಿನ ತಿಂದದ್ದನ್ನು, ಚಹಾ ಸಹಿತ, ಬರೆದು ತನ್ನಿ.