ಅಮ್ಮನ ಕ್ಯಾಪ್ಸೂಲ್ ಮತ್ತು ಹಸಿರು ಚುಕ್ಕೆ

ನಮ್ಮಮ್ಮನಿಗೆ 78 ವರ್ಷ. ಬೇಕರಿ ಕೇಕ್ ಮುಟ್ಟೋದಿಲ್ಲ, ಮೊಟ್ಟೆ ಇರುತ್ತೆ ಅಂತ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಎಗ್‌ಲೆಸ್ ಕೇಕೇ ತಂದರೂ, "ಆ ಚಾಕು ಇನ್ಯಾವುದಕ್ಕೆ ಹಾಕಿದ್ರೋ" ಅಂತ ಒಂದು ಚೂರೂ ಬಾಯಿಗಿಡಲ್ಲ. ಇಂಥ ಅಮ್ಮ ಆರು ವರ್ಷದಿಂದ ದಿನಾ ರಾತ್ರಿ ಊಟ ಆದ ಮೇಲೆ ಒಂದು ಮೆತ್ತನೆಯ, ಜೇನಿನ ಬಣ್ಣದ ಕ್ಯಾಪ್ಸೂಲ್ ನುಂಗ್ತಾರೆ. ತಂದುಕೊಡುತ್ತಿದ್ದವನು ನಾನೇ.

ಕಳೆದ ತಿಂಗಳು ಮಗಳು ಹಾಸ್ಟೆಲ್‌ನಿಂದ ಬಂದಳು. ಬ್ಯಾಗ್ ಇಳಿಸುವ ಮೊದಲೇ, "ಅಪ್ಪಾ, ನಾನೀಗ ವೀಗನ್" ಅಂದಳು. ನಾನು ನಕ್ಕೆ. "ನಮ್ಮ ಮನೇಲಿ ಎಲ್ಲರೂ ವೆಜ್ಜೇ ಅಲ್ವೇನೇ, ಹಸಿರು ಚುಕ್ಕೆ ಇಲ್ಲದ್ದು ಒಳಗೇ ಬರಲ್ಲ" ಅಂದೆ. ಅವಳು ಮಾತಾಡಲಿಲ್ಲ. ಭಾನುವಾರ ಬೆಳಗ್ಗೆ ಅಡುಗೆಮನೆ, ಬಚ್ಚಲುಮನೆ, ದೇವರಮನೆ, ಔಷಧಿ ಡಬ್ಬಿ ಎಲ್ಲವನ್ನೂ ಊಟದ ಟೇಬಲ್ ಮೇಲೆ ಸುರಿದಳು. ಒಂದೊಂದೇ ಪೊಟ್ಟಣ ತಿರುಗಿಸಿ ಓದೋಕೆ ಕೂತಳು. ಕ್ಯಾಪ್ಸೂಲಿನ ಡಬ್ಬಿ ಕೈಗೆ ಬಂದಾಗ ದನಿ ತಗ್ಗಿಸಿ, "ಅಪ್ಪಾ, ಇದು ಜೆಲಟಿನ್. ಅಜ್ಜಿಗೆ ಗೊತ್ತಾ?" ಅಂದಳು.

ಜೆಲಟಿನ್ ಅಂದರೆ ಏನು? ದನ, ಎಮ್ಮೆ, ಹಂದಿಗಳ ಮೂಳೆ ಮತ್ತು ಚರ್ಮವನ್ನು ಸಂಸ್ಕರಿಸಿ ತೆಗೆಯುವ ಅಂಟು. ಪಕ್ಕದ ರೂಮಿನಲ್ಲಿ ಅಮ್ಮ ವಿಷ್ಣು ಸಹಸ್ರನಾಮ ಹೇಳ್ತಿದ್ರು. "ಅಜ್ಜಿಗೆ ಹೇಳಬೇಡ" ಅಂದುಬಿಟ್ಟೆ ನಾನು. ದಿನಾ ರಾತ್ರಿ ಸ್ಟುಡಿಯೋದಲ್ಲಿ ಕೂತು, ಜನರಿಂದ ಸತ್ಯ ಮುಚ್ಚಿಡ್ತೀರಾ ಅಂತ ಮಂತ್ರಿಗಳನ್ನ ಕೇಳೋ ಮನುಷ್ಯ ನೋಡಿ!

ಇರಲಿ, ಮೊದಲು ಹಸಿರು ಚುಕ್ಕೆಯ ವಿಷಯ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಅದರಲ್ಲಿ ಪ್ರಾಣಿಯಿಂದ ಬಂದದ್ದು ಏನೂ ಇಲ್ಲ ಅಂತ ನಾವೆಲ್ಲ ನಂಬಿದ್ದೇವೆ. ಕಾನೂನು ಹಾಗೆ ಹೇಳೋದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳಲ್ಲಿ ಮಾಂಸಾಹಾರ ಅನ್ನುವುದಕ್ಕೆ ವ್ಯಾಖ್ಯೆ ಇದೆ. ಪ್ರಾಣಿ, ಪಕ್ಷಿ, ಮೀನು, ಕೀಟ, ಮೊಟ್ಟೆ ಎಲ್ಲವೂ ಅದರಲ್ಲಿ ಬರುತ್ತೆ. ಆಮೇಲೆ ವಿನಾಯಿತಿ: ಹಾಲು, ಹಾಲಿನ ಪದಾರ್ಥ, ಜೇನುತುಪ್ಪ, ಜೇನುಮೇಣ, ಶೆಲ್ಯಾಕ್. ಈ ಶೆಲ್ಯಾಕ್ ಅನ್ನೋದು ನಮ್ಮ ಅರಗು. ಮರದ ಮೇಲೆ ಅರಗಿನ ಹುಳ ಸ್ರವಿಸುವ ಅಂಟು. ಮಿಠಾಯಿಗೆ, ಮಾತ್ರೆಗೆ ಹೊಳಪು ಕೊಡೋಕೆ ಬಳಸ್ತಾರೆ. ಪೊಟ್ಟಣದ ಮೇಲೆ 904 ಅಂತ ಬರೆದಿರುತ್ತೆ. ಇನ್ನೊಂದು ಹುಳ ಇದೆ, ಅದನ್ನು ಒಣಗಿಸಿ ಕೆಂಪು ಬಣ್ಣ ತೆಗೀತಾರೆ. ಅದರ ಹೆಸರು ಕಾರ್ಮೈನ್, ನಂಬರ್ 120. ಆ ಬಣ್ಣ ಹಾಕಿದರೆ ಕಂದು ಗುರುತು ಬೀಳಬೇಕು, ಈ ಹೊಳಪು ಹಾಕಿದರೆ ಹಸಿರೇ ಉಳಿಯುತ್ತೆ. ಎರಡೂ ಹುಳದ್ದೇ. ನಾನು ಇದನ್ನ ಎರಡು ಸಲ ಓದಿದೆ.

ಹಾಗಾದರೆ ವೀಗನ್‌ಗಳು ಏನು ನೋಡಬೇಕು? ಅವರಿಗೆ ಬೇರೆ ಗುರುತೇ ಇದೆ. 2021ರಲ್ಲಿ ಪ್ರಾಧಿಕಾರ ಅದನ್ನು ಬಿಡುಗಡೆ ಮಾಡ್ತು, 2022ರಲ್ಲಿ ವೀಗನ್ ಆಹಾರಕ್ಕೆಂದೇ ನಿಯಮ ಬಂತು. ಹಸಿರು ಚೌಕದೊಳಗೆ ಇಂಗ್ಲಿಷಿನ ವಿ ಅಕ್ಷರ, ಅದಕ್ಕೊಂದು ಎಲೆ. ಅದು ಇದ್ದರೆ ಹಾಲೂ ಇಲ್ಲ, ಜೇನೂ ಇಲ್ಲ, ಅರಗೂ ಇಲ್ಲ ಅಂತ ಅರ್ಥ. ನಮ್ಮ ಟೇಬಲ್ ಮೇಲಿದ್ದ ಪೊಟ್ಟಣಗಳಲ್ಲಿ ಅದು ಎಷ್ಟಕ್ಕಿತ್ತು? ಒಂದಕ್ಕೂ ಇಲ್ಲ. ಹಾಗಂತ ಅವೆಲ್ಲ ತಪ್ಪು ಅಂತಲ್ಲ. ತೊಗರಿಬೇಳೆಗೆ, ರಾಗಿಹಿಟ್ಟಿಗೆ ಆ ಗುರುತು ಯಾಕೆ ಬೇಕು? ಗುರುತು ಹುಡುಕಬೇಕಾದದ್ದು ಬಿಸ್ಕತ್ತು, ಬ್ರೆಡ್ಡು, ಚಾಕೊಲೇಟು, ಸೂಪ್ ಪುಡಿಯಲ್ಲಿ. ಹಾಲಿನ ಪುಡಿ, ಹಾಲೊಡಕಿನ ಪುಡಿ ನುಸುಳೋದು ಅಲ್ಲೇ.

ಅಡುಗೆ ಏನು ಮಾಡೋದಪ್ಪ ಅಂತ ನನ್ನ ಹೆಂಡತಿಗೆ ಗಾಬರಿ. ಮಗಳು ಒಂದು ಹಾಳೆ ತಗೊಂಡು, ನಮ್ಮ ಮನೆಯಲ್ಲಿ ವಾರಪೂರ್ತಿ ಆಗೋ ಅಡುಗೆ ಬರೆದಳು. ಮುದ್ದೆ, ಉಪ್ಸಾರು. ಬಸ್ಸಾರು. ಹುರಳಿಕಾಳು ಸಾರು. ಚಿತ್ರಾನ್ನ, ಪುಳಿಯೋಗರೆ. ನನ್ನ ಹೆಂಡತಿ ಹುಬ್ಬಳ್ಳಿ ಕಡೆಯವಳು, ಹಾಗಾಗಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಇದರಲ್ಲಿ ಹಾಲೆಲ್ಲಿದೆ, ತುಪ್ಪ ಎಲ್ಲಿದೆ? ಮೇಲೆ ಸುರ್ಕೊಳ್ಳೋ ತುಪ್ಪ ಬಿಟ್ಟರೆ ನಮ್ಮ ಮುಕ್ಕಾಲು ಅಡುಗೆ ಆಗಲೇ ವೀಗನ್. ಪಾಯಸಕ್ಕೆ ತೆಂಗಿನಕಾಯಿ ಹಾಲು ನಮಗೇನು ಹೊಸದಾ? ದುಬಾರಿ ಬಾದಾಮಿ ಹಾಲು, ಪ್ಯಾಕೆಟ್ಟಿನ ವೀಗನ್ ಚೀಸು ತಂದರೇ ವೀಗನ್ ಅನ್ನೋದು ಮಾಲ್‌ನವರು ಕಲಿಸಿದ ಪಾಠ.

ಕಷ್ಟ ಇರೋದು ಎರಡೇ ಕಡೆ: ಕಾಫಿ, ಮೊಸರನ್ನ. ಕಾಫಿ ವಿಷಯದಲ್ಲಿ ನಾನು ಸೋತೆ, ಒಪ್ಕೋತೀನಿ. ಮೊಸರಿಗೆ ಮಗಳು ದಾರಿ ತೋರಿಸಿದಳು. ಒಂದು ಲೋಟ ಶೇಂಗಾ ರಾತ್ರಿ ನೆನೆಸಿ, ಸಿಪ್ಪೆ ತೆಗೆದು ನುಣ್ಣಗೆ ರುಬ್ಬಿ, ಮೂರು ಲೋಟ ನೀರು ಸೇರಿಸಿ ಬಟ್ಟೆಯಲ್ಲಿ ಸೋಸಬೇಕು. ಆ ಹಾಲನ್ನು ಕೈಬಿಡದೆ ತಿರುವುತ್ತಾ ಕುದಿಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತೆ. ಉಗುರುಬೆಚ್ಚಗಾದ ಮೇಲೆ ತೊಟ್ಟು ಸಮೇತ ನಾಲ್ಕೈದು ಹಸಿಮೆಣಸಿನಕಾಯಿ ಹಾಕಿ ಮುಚ್ಚಿಡೋದು. ಮೊದಲ ದಿನ ಅರೆಬರೆ ಹೆಪ್ಪಾಗುತ್ತೆ. ಅದನ್ನೇ ಹೆಪ್ಪಿಗೆ ಇಟ್ಟುಕೊಂಡು ಮಾರನೇ ಸಲ ಮಾಡಿದರೆ ಗಟ್ಟಿ ಬರುತ್ತೆ. ಶೇಂಗಾ ವಾಸನೆ ಇರುತ್ತೆ, ಸುಳ್ಳು ಹೇಳಲ್ಲ. ಒಗ್ಗರಣೆ ಬಿದ್ದರೆ ಗೊತ್ತಾಗಲ್ಲ.

ಇದನ್ನೆಲ್ಲ ಒಂದು ದಿನ ಕಾರ್ಯಕ್ರಮದಲ್ಲಿ ಹೇಳಿದಾಗ ಮಂಡ್ಯ ಕಡೆಯ ಹೆಣ್ಣುಮಗಳೊಬ್ಬರು ಫೋನ್ ಮಾಡಿದ್ರು. "ಸಾರ್, ನೀವು ಹಾಲು ಬುಡಿ ಅಂತೀರಿ. ನಮ್ಮನೇಲಿ ಡೈರಿ ಬಟವಾಡೆ ಬಂದ್ರೇನೇ ಮಕ್ಕಳ ಫೀಜು" ಅಂದ್ರು. ಅದಕ್ಕೆ ನನ್ನ ಹತ್ತಿರ ಥಟ್ಟನೆ ಉತ್ತರ ಇರಲಿಲ್ಲ. ನಮ್ಮ ಕೆಎಂಎಫ್ ದೇಶದ ಎರಡನೇ ದೊಡ್ಡ ಹಾಲು ಸಹಕಾರ ಮಹಾಮಂಡಳ, ಅದರ ಹಿಂದಿರೋದು ಇಂಥ ಮನೆಗಳೇ. ಮಗಳ ವಾದವೂ ಸುಳ್ಳಲ್ಲ. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಹುಟ್ಟಿದ್ದು ಗಂಡುಕರುವಾದರೆ? ಉಳೋಕೆ ಟ್ರ್ಯಾಕ್ಟರ್ ಬಂದಿದೆ. ಆ ಕರು ಎಲ್ಲಿಗೆ ಹೋಗುತ್ತೆ ಅಂತ ಹಾಲು ಕುಡಿಯೋ ನಾವು ಕೇಳೋದಿಲ್ಲ. ನಾನು ಯಾರಿಗೂ ಹಾಲು ಬಿಡಿ ಅಂತ ಹೇಳ್ತಿಲ್ಲ. ತಿನ್ನೋದು ಏನು ಅಂತ ತಿಳ್ಕೊಂಡು ತಿನ್ನಿ ಅಂತಿದೀನಿ.

ಬಚ್ಚಲುಮನೆ ವಿಷಯ ಬೇಗ ಹೇಳಿಬಿಡ್ತೀನಿ. ಸೋಪಿನ ಹಿಂದೆ ಸೋಡಿಯಂ ಟ್ಯಾಲೋಯೇಟ್ ಅಂತಿದ್ದರೆ ಅದು ಪ್ರಾಣಿ ಕೊಬ್ಬಿನದು. ಸೋಡಿಯಂ ಪಾಮೇಟ್ ಅಂದರೆ ತಾಳೆ ಎಣ್ಣೆಯದು. ನಮ್ಮ ಮನೆಯಲ್ಲಿ ಸಿಕ್ಕಿದ ಟ್ಯಾಲೋ ಸೋಪು, ವಿದೇಶದಿಂದ ನೆಂಟರು ಪ್ರೀತಿಯಿಂದ ತಂದುಕೊಟ್ಟಿದ್ದು. ತುಟಿಗೆ ಹಚ್ಚೋ ಮುಲಾಮಿನಲ್ಲಿ ಲ್ಯಾನೊಲಿನ್ ಇತ್ತು, ಅದು ಕುರಿ ಉಣ್ಣೆಯ ಜಿಡ್ಡು. ಗ್ಲಿಸರಿನ್, ಸ್ಟಿಯರಿಕ್ ಆಸಿಡ್ ಗಿಡದಿಂದಲೂ ಬರಬಹುದು, ಪ್ರಾಣಿಯಿಂದಲೂ ಬರಬಹುದು. ಕಂಪನಿಗೆ ಫೋನ್ ಮಾಡಿ ಕೇಳೋದೇ ದಾರಿ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡೋದನ್ನ ನಮ್ಮ ದೇಶ 2014ರಲ್ಲೇ ನಿಷೇಧಿಸಿದೆ, ಅದೊಂದು ಸಮಾಧಾನ. ಸೀಗೆಕಾಯಿ, ಅಂಟುವಾಳಕ್ಕೆ ಲೇಬಲ್ಲೇ ಬೇಡ. ರೇಷ್ಮೆ ಸೀರೆ ಬೀರು ತೆಗೆಯೋಕೆ ಮಾತ್ರ ಹೆಂಡತಿ ಬಿಡಲಿಲ್ಲ. ಗೂಡಿನೊಳಗೆ ಹುಳ ಇದ್ದ ಹಾಗೇ ಬಿಸಿಗೆ ಹಾಕ್ತಾರೆ ಅನ್ನೋದು ರಾಮನಗರದ ದಾರಿಯಲ್ಲಿ ಓಡಾಡೋ ಎಲ್ಲರಿಗೂ ಗೊತ್ತು.

ಈಗ ಮಗಳಿಗೆ ನಾನು ಹೇಳಿದ ಮಾತು. ಹಾಲನ್ನೂ ಬಿಟ್ಟರೆ ವಿಟಮಿನ್ ಬಿ12 ಎಲ್ಲಿಂದ? ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಎಳ್ಳಲ್ಲೂ ಇದೆ, ಅದಕ್ಕೆ ಚಿಂತೆ ಇಲ್ಲ. ಬಿ12 ಮಾತ್ರ ಸೊಪ್ಪು ಕಾಳುಗಳಿಂದ ಸಿಗೋದಿಲ್ಲ. ಕೊರತೆ ಬೇಗ ಗೊತ್ತೂ ಆಗಲ್ಲ, ಕೈಕಾಲು ಜೋಮು ಹಿಡಿಯೋ ಹೊತ್ತಿಗೆ ನರಕ್ಕೆ ಪೆಟ್ಟು ಬಿದ್ದಿರುತ್ತೆ. ವೀಗನ್ ಆಗೋರು ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದಂತೆ ಬಿ12 ತಗೊಳ್ಳಲೇಬೇಕು. ಮಗಳು ವಾದ ಮಾಡಲಿಲ್ಲ, ಮಾತ್ರೆ ತಗೋತಿದ್ದಾಳೆ.

ಅಮ್ಮನ ಕ್ಯಾಪ್ಸೂಲಿಗೆ ಬರ್ತೀನಿ. ಡಾಕ್ಟರಿಗೆ ಫೋನ್ ಮಾಡಿದೆ. ತಾವಾಗಿ ನಿಲ್ಲಿಸಬೇಡಿ ಅಂತ ಮೊದಲೇ ಹೇಳಿದ್ರು. ಆಮೇಲೆ ಅದೇ ಔಷಧಿ ಮಾತ್ರೆ ರೂಪದಲ್ಲೂ ಇದೆ, ಬರೆದು ಕಳಿಸ್ತೀನಿ ಅಂದ್ರು. ಗಿಡದ ನಾರಿನಿಂದ ಮಾಡಿದ ಕ್ಯಾಪ್ಸೂಲೂ ಬರುತ್ತಂತೆ, ಕೇಳಿದರೆ ಕೊಡ್ತಾರೆ. ಆರು ವರ್ಷ ನಾನು ಕೇಳಿರಲೇ ಇಲ್ಲ.

ಆ ರಾತ್ರಿ ಹೊಸ ಮಾತ್ರೆ ಕೈಗಿಟ್ಟಾಗ ಅಮ್ಮ, "ಹಳೇದು ಯಾಕೆ ಬದಲಾಯಿಸಿದ್ರು?" ಅಂತ ಕೇಳಿದ್ರು. ಮಗಳು ನನ್ನ ಮುಖ ನೋಡಿದಳು. ಹೇಳಿದೆ. ಅಮ್ಮ ಸುಮಾರು ಹೊತ್ತು ಸುಮ್ಮನಿದ್ರು. ಬೈಲಿಲ್ಲ, ಅಳಲಿಲ್ಲ. ನೀರಿನ ಲೋಟ ಕೆಳಗಿಟ್ಟು ಮೊಮ್ಮಗಳ ಕಡೆ ತಿರುಗಿ, "ನೀನಾದರೂ ಓದಿ ಹೇಳ್ದೆ ಮಗಾ. ಇವನಿಗೆ ಊರಿನ ಸುದ್ದಿ ಎಲ್ಲ ಗೊತ್ತು" ಅಂದ್ರು.