ಘಾಟಿಯ ಇಳಿಜಾರೂ ಪೆಟ್ರೋಲಿನ ಉಳಿತಾಯವೂ

ತೀರ್ಥಹಳ್ಳಿಯಿಂದ ಆಗುಂಬೆಯ ಮಾರ್ಗವಾಗಿ ಉಡುಪಿಗೆ ಕಾರಿನಲ್ಲಿ ಹೋದವರಲ್ಲಿ ಹಲವರಿಗೆ ಈ ಅನುಭವ ಉಂಟು. ಘಾಟಿಯ ಇಳಿಜಾರು ಮೊದಲಾದೊಡನೆ ಚಾಲಕನು ಗೇರನ್ನು ನ್ಯೂಟ್ರಲ್ಲಿಗೆ ತಳ್ಳುತ್ತಾನೆ. ಎಂಜಿನ್ನಿನ ಸದ್ದು ತಗ್ಗುತ್ತದೆ. ಗಾಡಿ ತನ್ನ ಭಾರದಿಂದಲೇ ಜಾರತೊಡಗುತ್ತದೆ. ಇನ್ನು ಸೋಮೇಶ್ವರದವರೆಗೆ ಪ್ರಯಾಣ ಪುಕ್ಕಟೆ ಎಂಬ ತೃಪ್ತಿ ಅವನ ಮುಖದಲ್ಲಿ ಮೂಡುತ್ತದೆ. ನಾನೂ ಬಹುಕಾಲ ಹೀಗೆಯೇ ನಂಬಿದ್ದವನು. ಈ ಉಳಿತಾಯವು ಎಷ್ಟರಮಟ್ಟಿಗೆ ನಿಜ, ಅದಕ್ಕೆ ನಾವು ಒಡ್ಡುವ ಪಣವೇನು ಎಂಬುದನ್ನು ಕೇಳುಗರೊಡನೆ ಕೊಂಚ ಲೆಕ್ಕಹಾಕಿ ನೋಡಬೇಕೆಂದಿದ್ದೇನೆ.

ಈ ಅಭ್ಯಾಸವು ಕೇವಲ ಅವಿವೇಕದಿಂದ ಹುಟ್ಟಿದುದೆಂದು ನಾನು ಹೇಳಲಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. 1942ರಲ್ಲಿ ಬರ್ಮಾ ದೇಶದ ಎಣ್ಣೆಯ ನೆಲೆಗಳು ಜಪಾನೀಯರ ವಶವಾದ ಮೇಲಂತೂ ಅಭಾವವು ಇನ್ನಷ್ಟು ಬಿಗಿಯಾಯಿತು. ಆಗ ಬಸ್ಸುಗಳ ಬೆನ್ನಿಗೆ ಇದ್ದಲಿನ ಒಲೆಗಳು ಬಂದು ಕುಳಿತವು. ಸಾಕಷ್ಟು ಗಾಳಿ ದೊರೆಯದಂತೆ ಇದ್ದಲನ್ನು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಉರಿಯತಕ್ಕ ಅನಿಲವು ಹುಟ್ಟುತ್ತದೆ. ಅದನ್ನು ಸೋಸಿ ಎಂಜಿನ್ನಿಗೆ ಊಡುತ್ತಿದ್ದರು. ಆದರೆ ಈ ಅನಿಲದ ಸುಮಾರು ಅರ್ಧ ಭಾಗವು ಗಾಳಿಯೊಡನೆ ಬಂದ, ಉರಿಯದ ನೈಟ್ರೋಜನ್ನೇ ಆದುದರಿಂದ ಎಂಜಿನ್ನಿನ ಬಲವು ಬಹಳವಾಗಿ ಕುಗ್ಗುತ್ತಿತ್ತು. ಮಲೆನಾಡಿನ ಏರುಗಳಲ್ಲಿ ಪ್ರಯಾಣಿಕರು ಇಳಿದು ನಡೆದು, ಬಸ್ಸು ಏರು ಹತ್ತಿದ ಮೇಲೆ ಮತ್ತೆ ಒಳಹೊಕ್ಕ ಕಥೆಗಳನ್ನು ನಾನು ಹಿರಿಯರಿಂದ ಕೇಳಿದ್ದೇನೆ. ಅಂಥ ಕಾಲವನ್ನು ಕಂಡವರು ಇಳಿಜಾರನ್ನು ದೇವರು ಕೊಟ್ಟ ಇಂಧನವೆಂದು ಬಗೆದುದರಲ್ಲಿ ಆಶ್ಚರ್ಯವಿಲ್ಲ. ಅನಂತರದ ಕಾರ್ಬ್ಯುರೇಟರ್ ಕಾರುಗಳಲ್ಲಿಯೂ ನ್ಯೂಟ್ರಲ್ಲಿನಿಂದ ಸ್ವಲ್ಪ ಲಾಭವಿದ್ದಿತು. ಗೇರಿನಲ್ಲಿ ಇಳಿಯುವಾಗ ಎಂಜಿನ್ನು ರಭಸದಿಂದ ತಿರುಗಿ, ಕಾಲು ತೆಗೆದಿದ್ದರೂ ಅಷ್ಟಿಷ್ಟು ಪೆಟ್ರೋಲನ್ನು ಹೀರುತ್ತಲೇ ಇರುತ್ತಿತ್ತು.

ಈಗ ಹಾಗಿಲ್ಲ. 2000ದ ಆಸುಪಾಸಿನಿಂದ ನಮ್ಮ ಕಾರುಗಳಲ್ಲಿ ಕಾರ್ಬ್ಯುರೇಟರ್ ಮರೆಯಾಗಿ, ಒಂದು ಪುಟ್ಟ ಗಣಕವು ಪೆಟ್ರೋಲನ್ನು ಅಳೆದು ಸಿಂಪಡಿಸತಕ್ಕ ಏರ್ಪಾಡು ಬಂದಿದೆ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುವುದನ್ನು ಈ ಗಣಕವು ಅರಿತು ಪೆಟ್ರೋಲನ್ನು ಪೂರ್ಣವಾಗಿ ತಡೆದುಬಿಡುತ್ತದೆ. ಎಂಜಿನ್ನಿನ ವೇಗ ತೀರ ಕುಗ್ಗಿದಾಗ ಮಾತ್ರ ಮತ್ತೆ ಬಿಡುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೋ, ಚಕ್ರಕ್ಕೂ ಎಂಜಿನ್ನಿಗೂ ನಂಟು ಹರಿಯುತ್ತದೆ. ಎಂಜಿನ್ನು ಆರಿಹೋಗದಂತೆ ಪೆಟ್ರೋಲನ್ನು ಉಣಿಸಲೇಬೇಕಾಗುತ್ತದೆ. ಹೀಗೆ ಸುಮ್ಮನೆ ತಿರುಗುವ ಎಂಜಿನ್ನು ಗಂಟೆಗೆ ಅರ್ಧದಿಂದ ಒಂದು ಲೀಟರಿನವರೆಗೆ ಕುಡಿಯುತ್ತದೆ. ಘಾಟಿ ಇಳಿಯಲು 20 ನಿಮಿಷವೆಂದಿಟ್ಟುಕೊಂಡರೆ ಕಾಲು ಲೀಟರಿನ ಹತ್ತಿರ. ಪುಕ್ಕಟೆಯೆಂದು ನಂಬಿದ ದಾರಿಯಲ್ಲಿಯೇ ಈ ನಷ್ಟ!

ಹಣದ ಮಾತು ಅಷ್ಟೇ ಆಗಿದ್ದರೆ ನಾನು ಇಷ್ಟು ದೂರ ಬರುತ್ತಿರಲಿಲ್ಲ. ಆಗುಂಬೆಯ ನೆತ್ತಿಯಿಂದ ಸೋಮೇಶ್ವರಕ್ಕೆ 14 ಕಡಿದಾದ ತಿರುವುಗಳಲ್ಲಿ 500 ಮೀಟರಿನಷ್ಟು ಇಳಿಯುತ್ತೇವೆ. ಒಂದು ಟನ್ನು ತೂಗುವ ಕಾರು ಅಷ್ಟು ಇಳಿಯುವಾಗ ಬಿಟ್ಟುಕೊಡುವ ಶಕ್ತಿಯು ಸುಮಾರು 50 ಲಕ್ಷ ಜೂಲ್; ಹಂಡೆಯಲ್ಲಿನ 15 ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಇಷ್ಟು ಸಾಕು. ಗೇರಿನಲ್ಲಿದ್ದರೆ ಇದರಲ್ಲಿ ಒಳ್ಳೆಯ ಪಾಲನ್ನು ಎಂಜಿನ್ನು ನುಂಗಿಕೊಳ್ಳುತ್ತದೆ. ನ್ಯೂಟ್ರಲ್ಲಿನಲ್ಲಿ ಬಹುಮಟ್ಟಿಗೆ ಎಲ್ಲವೂ ಬ್ರೇಕಿನ ಪಾಲು.

ಹಲವು ವರ್ಷಗಳ ಹಿಂದೆ, ಶ್ರಾವಣದ ಒಂದು ಮಧ್ಯಾಹ್ನ, ಕೆಳಗಿನ ತಿರುವೊಂದರಲ್ಲಿ ನನ್ನ ಅತ್ತೆಯವರು ಹಿಂದಿನಿಂದ, “ಏನೋ ಸುಟ್ಟ ವಾಸನೆ ಬರ್ತಾ ಇದೆಯಲ್ಲಪ್ಪ” ಎಂದರು. ಬ್ರೇಕಿನ ಮೇಲೆ ಕಾಲಿಟ್ಟೆ. ಅದು ಹಿಟ್ಟಿನಲ್ಲಿ ಇಳಿದಂತೆ ಮೆತ್ತಗೆ ಕೆಳಗೆ ಹೋಯಿತು. ಎರಡು ಮೂರು ಸಲ ಒತ್ತಿ, ಗೇರು ಹಾಕಿ, ಕೈಬ್ರೇಕನ್ನೂ ಎಳೆದು, ಗುಡ್ಡದ ಬದಿಗೆ ತಾಗಿಸಿ ನಿಲ್ಲಿಸಿದೆ. ಮುಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಅರ್ಧ ಗಂಟೆ ಮಳೆಯಲ್ಲಿ ನಿಂತೆವು, ಯಾರೂ ಮಾತಾಡಲಿಲ್ಲ. ಪ್ರಪಾತವಿದ್ದುದು ರಸ್ತೆಯ ಇನ್ನೊಂದು ಬದಿಗೆ.

ಆದದ್ದು ಇಷ್ಟು. ಬ್ರೇಕಿನ ದ್ರವವು ಒತ್ತಿದರೆ ಕುಗ್ಗದು. ಆದುದರಿಂದಲೇ ಕಾಲಿನ ಬಲವು ಚಕ್ರಕ್ಕೆ ಮುಟ್ಟುತ್ತದೆ. ಕುದಿದರೆ ಆವಿಯಾಗುತ್ತದೆ, ಆವಿಯು ಕುಗ್ಗುತ್ತದೆ. ಈ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವುಂಟು. ನೀರು ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆಯ ಗಾಡಿಗಳಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು, ನಾನು ಬದಲಿಸಿರಲಿಲ್ಲ. ಇನ್ನು ಕೆಲವರು ಎಂಜಿನ್ನನ್ನೇ ಆರಿಸಿ ಇಳಿಯುತ್ತಾರೆ. ಬ್ರೇಕಿಗೆ ನೆರವಾಗುವ ನಿರ್ವಾತವು ಎಂಜಿನ್ನಿನಿಂದಲೇ ಒದಗತಕ್ಕದ್ದು. ಆರಿಸಿದ ಮೇಲೆ ಎರಡು ಮೂರು ಸಲ ಒತ್ತುವುದರೊಳಗೆ ಅದು ತೀರಿ, ಪೆಡಲು ಕಲ್ಲಾಗುತ್ತದೆ.

ಹಾಗಾದರೆ ನಿಜವಾದ ಉಳಿತಾಯ ಎಲ್ಲಿದೆ? ಘಾಟಿಯಲ್ಲಲ್ಲ, ಅದಕ್ಕೆ ಮುಂಚಿನ ದಾರಿಯಲ್ಲಿ. ಶಿವಮೊಗ್ಗದಿಂದ ಮಂಡಗದ್ದೆಯ ಮೇಲೆ ತೀರ್ಥಹಳ್ಳಿಗೆ ಬರುವ ರಸ್ತೆಯು ತುಂಗೆಯ ಜೊತೆಜೊತೆಗೆ ಬಳುಕುತ್ತ ಬರುತ್ತದೆ. ತಿರುವಿನಿಂದ ತಿರುವಿಗೆ ನುಗ್ಗಿ, ಪ್ರತಿಯೊಂದರಲ್ಲಿಯೂ ಬ್ರೇಕು ಒತ್ತುವವನು ಪೆಟ್ರೋಲಿನಿಂದ ಕೊಂಡ ವೇಗವನ್ನು ಶಾಖವಾಗಿ ಚೆಲ್ಲುತ್ತಿರುತ್ತಾನೆ. ತಿರುವನ್ನು ದೂರದಿಂದಲೇ ಕಂಡು, ಗೇರಿನಲ್ಲಿಯೇ ಇದ್ದು, ಕಾಲು ತೆಗೆದರೆ ಆ ಹೊತ್ತಿಗೆ ಖರ್ಚು ಸೊನ್ನೆ. ಗಂಟೆಗೆ 50 ಕಿಲೋಮೀಟರಿನ ಸುತ್ತಮುತ್ತ, ದೊಡ್ಡ ಗೇರಿನಲ್ಲಿ ಹದವಾಗಿ ಹೋಗುವುದು ಲೇಸು. ವೇಗ ಇಮ್ಮಡಿಯಾದರೆ ಗಾಳಿಯ ತಡೆಯು ನಾಲ್ಮಡಿಯಾಗುತ್ತದೆ. ಟೈರಿನ ಗಾಳಿಯನ್ನು ತಿಂಗಳಿಗೊಮ್ಮೆ ನೋಡಿಸಿ. ಮಾಡಿನ ಮೇಲಿನ ಕ್ಯಾರಿಯರನ್ನು ಬೇಡದಾಗ ಕಳಚಿಡಿ.

ಮರಳಿ ಬರುವಾಗ ಅದೇ 500 ಮೀಟರನ್ನು ಏರಬೇಕು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 3 ಕೋಟಿ 20 ಲಕ್ಷ ಜೂಲ್ ಶಕ್ತಿಯಿದ್ದು, ಎಂಜಿನ್ನು ಅದರಲ್ಲಿ ಕಾಲುಪಾಲನ್ನಷ್ಟೇ ಕೆಲಸಕ್ಕೆ ತರಬಲ್ಲುದಾದುದರಿಂದ, ಒಂದು ಟನ್ನನ್ನು ಎತ್ತುವುದಕ್ಕೇ 600 ಮಿಲಿಲೀಟರಿನಷ್ಟು ಬೇಕು. ನಡುವೆ ನಿಂತು ಮತ್ತೆ ಹೊರಡಬೇಕಾದರೆ ಇನ್ನೂ ಹೆಚ್ಚು. ಇಳಿಯುವ ಗಾಡಿಯು ಏರುವ ಗಾಡಿಗೆ ದಾರಿ ಬಿಡತಕ್ಕದ್ದೆಂದು ಮೋಟಾರು ನಿಯಮಗಳಲ್ಲಿಯೇ ಇದೆ. ನಾನೀಗ ಎರಡನೆಯ ಗೇರಿನಲ್ಲಿ ಇಳಿಯುತ್ತೇನೆ; ಕೆಳಗಿನಿಂದ ಬಸ್ಸಿನ ಹಾರನ್ನು ಕೇಳಿದರೆ ತಿರುವಿನ ಮೇಲೆಯೇ ನಿಲ್ಲುತ್ತೇನೆ. ಹಿಂದಿನವರು ಹಾರನ್ ಮಾಡುವುದುಂಟು.