ಕೆಚ್ಚಲುಬಾವು ಮತ್ತು ಲೋಳೆಸರದ ಮದ್ದು

ನಮ್ಮ ಕಾಲೇಜಿಗೆ ಹಳ್ಳಿಗಳಿಂದ ಬರುವ ಅನೇಕರ ಮನೆಯಲ್ಲಿ ಒಂದೆರಡು ಸೀಮೆಹಸುಗಳಿವೆ. ಡೇರಿಗೆ ಹಾಲು ಹಾಕಿ ಬಂದ ಹಣದಲ್ಲೇ ಫೀಸು, ಬಸ್ ಪಾಸು ಎಲ್ಲ ನಡೆಯಬೇಕು. ಆ ಹಣಕ್ಕೆ ನೇರವಾಗಿ ಹೊಡೆತ ಕೊಡುವ ರೋಗ ಕೆಚ್ಚಲುಬಾವು.

ಕೆಚ್ಚಲಿನಲ್ಲಿ ನಾಲ್ಕು ಬೇರೆ ಬೇರೆ ಭಾಗಗಳಿವೆ. ಒಂದರ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ. ಸ್ಟೆಫೈಲೊಕಾಕಸ್, ಇ. ಕೋಲೈ ಮುಂತಾದ ಬ್ಯಾಕ್ಟೀರಿಯಾಗಳು ಮೊಲೆಯ ತುದಿಯ ರಂಧ್ರದಿಂದ ಒಳಗೆ ಹೋದರೆ ಆ ಭಾಗ ಊದಿ ಬಿಸಿಯಾಗುತ್ತದೆ, ಹಾಲು ಒಡೆದಂತೆ ಬರುತ್ತದೆ.

ಇದಕ್ಕೆ ಸಾಮಾನ್ಯ ಚಿಕಿತ್ಸೆ ಆಂಟಿಬಯಾಟಿಕ್. ಆದರೆ ಔಷಧಿ ನಿಂತ ಮೇಲೂ ಕೆಲವು ದಿನ ಅದರ ಅಂಶ ಹಾಲಿನಲ್ಲಿರುತ್ತದೆ, ಮಾರುವಂತಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಆಗುವುದಿಲ್ಲ. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಮೊದಲು ಕಂಡದ್ದು ಇದರ ಲೆಕ್ಕ. ದಿನಕ್ಕೆ 10 ಲೀಟರ್ ಕೊಡುವ ಹಸುವಿನ ಹಾಲನ್ನು 8 ದಿನ ಚೆಲ್ಲಿದರೆ, ಲೀಟರಿಗೆ 35 ರೂಪಾಯಿ ಹಿಡಿದರೂ 2,800 ರೂಪಾಯಿ ಹೋಯಿತು. ಡಾಕ್ಟರ ಖರ್ಚು ಬೇರೆ. ಹಿಂಡಿ, ಬೂಸಾದ ಖರ್ಚಂತೂ ಒಂದು ದಿನವೂ ನಿಲ್ಲುವುದಿಲ್ಲ.

ಆದ್ದರಿಂದಲೇ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ) ಪ್ರಚಾರ ಮಾಡುತ್ತಿರುವ ಒಂದು ಗಿಡಮೂಲಿಕೆ ಮದ್ದನ್ನು ತಿಳಿದಿರಬೇಕು. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ ಸೇರಿಸಿ ನುಣ್ಣಗೆ ರುಬ್ಬಬೇಕು. ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ ಘೀಕ್ವಾರ್, ಹಲ್ದಿ, ಚೂನಾ. ಕೊನೆಯದು ನಾನಿಯ ಪಾನ್‌ದಾನ್‌ನಲ್ಲೇ ಸಿಗುತ್ತದೆ! ಸುಣ್ಣ ತಾಗಿದ ಕೂಡಲೇ ಅರಿಶಿನ ಕೆಂಪಾಗುತ್ತದೆ. ಅದು ಮಾಟವಲ್ಲ. ಸುಣ್ಣ ಕ್ಷಾರ, ಅರಿಶಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಬಣ್ಣ ಬದಲಿಸುತ್ತದೆ. ಕರ್ಕ್ಯುಮಿನ್‌ಗೆ ಊತ ಇಳಿಸುವ ಗುಣವಿದೆ, ಲೋಳೆಸರ ಚರ್ಮವನ್ನು ತಂಪಾಗಿಡುತ್ತದೆ.

ಕೆಟ್ಟ ಹಾಲನ್ನು ಪೂರ್ತಿ ಹಿಂಡಿ ತೆಗೆದು, ಕೆಚ್ಚಲು ತೊಳೆದು, ಒಂದು ಹಿಡಿ ಮದ್ದನ್ನು ನೀರಿನಲ್ಲಿ ಕದಡಿ ಕೆಚ್ಚಲಿಗೆಲ್ಲ ಹಚ್ಚಬೇಕು. ದಿನಕ್ಕೆ ಒಂದೆರಡು ಸಲ ಸಾಲದು, ಹತ್ತು ಸಲದಂತೆ 5 ದಿನ. ಕಷ್ಟವಿರುವುದು ಇಲ್ಲೇ, ಮನೆಯಲ್ಲಿ ಯಾರಾದರೂ ಇರಲೇಬೇಕು. ಮದ್ದನ್ನು ದಿನಾ ಹೊಸದಾಗಿ ರುಬ್ಬಬೇಕು. ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ. ಮೊಲೆಯ ರಂಧ್ರದೊಳಗೆ ಮಾತ್ರ ಏನನ್ನೂ ತುರುಕಬಾರದು. ವಾಸಿಯಾಗುವವರೆಗೆ ಆ ಮೊಲೆಯ ಹಾಲನ್ನು ಬೇರೆ ಹಾಲಿಗೆ ಬೆರೆಸುವಂತಿಲ್ಲ. ಆಂಟಿಬಯಾಟಿಕ್ ಕೊಡದಿದ್ದರೆ, ವಾಸಿಯಾದ ಮೇಲೆ ಔಷಧಿಯ ಅಂಶ ಹೋಗಲೆಂದು ಕಾಯುವ ದಿನಗಳು ಉಳಿಯುತ್ತವೆ.

ಈ ಮದ್ದು ರೋಗದ ಆರಂಭಕ್ಕೆ ಸರಿ. ಹಸುವಿಗೆ ಜ್ವರ ಬಂದಿದ್ದರೆ, ಮೇವು ಬಿಟ್ಟಿದ್ದರೆ, ಮಲಗಿದಲ್ಲಿಂದ ಏಳದಿದ್ದರೆ ರುಬ್ಬುತ್ತಾ ಕೂರದೆ ಪಶುವೈದ್ಯರನ್ನು ಕರೆಯಬೇಕು. ಆರಂಭದಲ್ಲೇ ಗುರುತಿಸಲು ಪ್ರತಿದಿನ ಮೊದಲ ಎರಡು ಧಾರೆ ಹಾಲನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡಿ. ಒಡೆದ ಹಾಲಿನ ಚೂರುಗಳು ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ಹಾಲು ಕರೆದ ಮೇಲೆ ಸುಮಾರು ಅರ್ಧ ಗಂಟೆ ಮೊಲೆಯ ರಂಧ್ರ ಪೂರ್ತಿ ಮುಚ್ಚಿರುವುದಿಲ್ಲ. ಆಗ ಹಸು ಸಗಣಿಯ ಮೇಲೆ ಮಲಗದಂತೆ ಕೂಡಲೇ ಮುಂದೆ ಮೇವು ಹಾಕಿದರೆ ಅದು ತಿನ್ನುತ್ತಾ ನಿಂತಿರುತ್ತದೆ.